ಇಸಿಜಿ ಹಾಕಿದವರು ಮುಂದೇನಾಯಿತು ಅಂತಲೂ ಬರೆಯಲಿ

ಮಾನ್ಯ ಸಂಪಾದಕರೇ,

ಸರ್ಕಾರಿ ಡಾಕ್ಟರುಗಳು ಯಾವಾಗಲೂ ಮೊಬೈಲ್ ನೋಡ್ತಾ ಕೂತಿರುತ್ತಾರೆ ಅನ್ನುವ ದೂರು ಓದುಗರ ಪತ್ರಗಳಲ್ಲಿ ಆಗಾಗ ಬರುತ್ತದೆ. ನೋಡುತ್ತೇವೆ, ಸುಳ್ಳಲ್ಲ. ಆದರೆ ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿರುವ ನನ್ನಂಥ ಎಂಬಿಬಿಎಸ್ ಡಾಕ್ಟರಿಗೆ ಹೃದಯ ತಜ್ಞರು ಸಿಗುವುದೇ ಆ ಮೊಬೈಲಿನಲ್ಲಿ. ಗ್ಯಾಸ್ ಇರಬೇಕು ಡಾಕ್ಟ್ರೇ, ಒಂದು ಇಂಜೆಕ್ಷನ್ ಕೊಡಿ ಅಂತ ರಾತ್ರಿ ಬಂದವರ ಇಸಿಜಿ ತೆಗೆದು, ಫೋಟೊ ಹೊಡೆದು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದರೆ, ಎಲ್ಲೋ ದೂರದ ಊರಿನ ಕಾರ್ಡಿಯಾಲಜಿಸ್ಟ್ ಒಬ್ಬರು ನೋಡಿ "ಇನ್ಫೀರಿಯರ್ ಎಂಐ ಇದೆ, ಸಾರ್ಬಿಟ್ರೇಟ್ ಕೊಡಬೇಡಿ, ಮೊದಲು ಬಲಗಡೆ ಲೀಡ್ ಹಾಕಿ ನೋಡಿ" ಅಂತ ಬರೆಯುತ್ತಾರೆ. ಇನ್ಫೀರಿಯರ್ ಎಂಐ ಅಂದರೆ ಹೃದಯದ ಕೆಳಭಾಗದ ಹಾರ್ಟ್ ಅಟ್ಯಾಕ್. ಅದರ ಜೊತೆ ಹೃದಯದ ಬಲಭಾಗಕ್ಕೂ ಪೆಟ್ಟು ಬಿದ್ದಿದ್ದರೆ (ಎದೆಯ ಬಲಗಡೆ ಇಸಿಜಿ ತಂತಿ ಅಂಟಿಸಿದರೆ ಅದು ಗೊತ್ತಾಗುತ್ತದೆ) ನಾಲಿಗೆ ಕೆಳಗಿಡುವ ಆ ಮಾತ್ರೆಯಿಂದಲೇ ಬಿಪಿ ದಢಕ್ಕನೆ ಇಳಿದುಬಿಡಬಹುದು. ಪುಸ್ತಕದಲ್ಲಿ ಓದಿದ್ದೇ, ಆದರೆ ಆ ಗಡಿಬಿಡಿಯಲ್ಲಿ ನೆನಪಾಗಬೇಕಲ್ಲ.

ಇದು ನಮ್ಮ ಕಡೆ ಹೊಸದೇನಲ್ಲ. ಮಂಗಳೂರಿನ ಕೆಎಂಸಿಯ ಡಾ. ಪದ್ಮನಾಭ ಕಾಮತ್ ಅವರು 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಹೆಸರಿನಲ್ಲಿ ಹಳ್ಳಿಯ ಆಸ್ಪತ್ರೆಗಳಿಗೆ ಇಸಿಜಿ ಮೆಷಿನ್ ಕೊಡಿಸಿ, ಅಲ್ಲಿನ ಡಾಕ್ಟರುಗಳನ್ನು ವಾಟ್ಸ್ಆ್ಯಪ್ ಗ್ರೂಪುಗಳಿಗೆ ಸೇರಿಸಿದ್ದು ಎಲ್ಲರಿಗೂ ಗೊತ್ತು. ಸರ್ಕಾರವೂ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಂದು, ತಾಲ್ಲೂಕು ಆಸ್ಪತ್ರೆಗಳನ್ನು ಜಯದೇವದಂಥ ದೊಡ್ಡ ಆಸ್ಪತ್ರೆಗಳಿಗೆ ಜೋಡಿಸಿತು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲಿ ಉಚಿತ. ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಆಗುವಂತಿಲ್ಲ ಅಂದರೆ ಆ ಇಂಜೆಕ್ಷನ್ನೇ ಗತಿ. ಮಳೆಗಾಲದಲ್ಲಿ ಚಾರ್ಮಾಡಿ ಇಳಿದು ಮಂಗಳೂರು ಮುಟ್ಟುವುದಕ್ಕೆ ಎಷ್ಟು ಹೊತ್ತು ಬೇಕು ಅಂತ ಮೂಡಿಗೆರೆ ಕಡೆಯವರನ್ನು ಕೇಳಿ.

ಇಷ್ಟೆಲ್ಲ ಇದ್ದೂ ನನಗೊಂದು ತಕರಾರಿದೆ, ಅದನ್ನು ಹೇಳಲಿಕ್ಕೇ ಈ ಪತ್ರ. ಗ್ರೂಪಿಗೆ ಇಸಿಜಿ ಬರುತ್ತದೆ. ಒಬ್ಬರು ಹಾರ್ಟ್ ಅಟ್ಯಾಕ್ ಅನ್ನುತ್ತಾರೆ, ಇನ್ನೊಬ್ಬರು ಪೆರಿಕಾರ್ಡೈಟಿಸ್ (ಹೃದಯದ ಹೊರಪೊರೆಯ ಉರಿಯೂತ) ಅನ್ನುತ್ತಾರೆ, ಮೂರನೆಯವರು ಈ ವಯಸ್ಸಿಗೆ ಇದು ನಾರ್ಮಲ್ಲೇ, ಹತ್ತು ನಿಮಿಷ ಬಿಟ್ಟು ಇನ್ನೊಂದು ತೆಗೀರಿ ಅನ್ನುತ್ತಾರೆ. ಒಳ್ಳೆಯ ಚರ್ಚೆ. ಆಮೇಲೆ ನಾಲ್ಕು ಕೈಮುಗಿಯುವ ಚಿತ್ರ, ಬೆಳಗ್ಗೆ ಗುಡ್ ಮಾರ್ನಿಂಗ್ ಹೂವು, ಮಧ್ಯಾಹ್ನಕ್ಕೆ ಬೇರೆ ಇಸಿಜಿ. ಆ ರೋಗಿಗೆ ಏನಾಯಿತು? ಹೃದಯಕ್ಕೆ ಪೆಟ್ಟಾಗಿದೆಯೇ ಅಂತ ತೋರಿಸುವ ರಕ್ತಪರೀಕ್ಷೆ ಟ್ರೊಪೊನಿನ್ ಎಷ್ಟು ಬಂತು, ಆಂಜಿಯೋಗ್ರಾಮಲ್ಲಿ ಯಾವ ರಕ್ತನಾಳ ಮುಚ್ಚಿತ್ತು, ಮೂವರಲ್ಲಿ ಯಾರು ಹೇಳಿದ್ದು ಸರಿ? ಯಾರೂ ಬರೆಯುವುದಿಲ್ಲ. ಹೀಗಾದರೆ ನೂರು ಇಸಿಜಿ ನೋಡಿದರೂ ನಾವು ಕಲಿಯುವುದು ಯಾರ ಮಾತು ಜೋರು ಅನ್ನುವುದನ್ನು ಮಾತ್ರ. ವೆಲೆನ್ಸ್, ಡಿ ವಿಂಟರ್ ಅಂತ ಕೆಲವು ಇಸಿಜಿಗಳಿವೆ. ಮೇಲ್ನೋಟಕ್ಕೆ ಅಷ್ಟೇನೂ ಗಾಬರಿ ಹುಟ್ಟಿಸುವುದಿಲ್ಲ, ಆದರೆ ಒಳಗೆ ಮುಖ್ಯ ರಕ್ತನಾಳವೇ ಕಟ್ಟಿಕೊಳ್ಳುತ್ತಿರುತ್ತದೆ. ಇಂಥವು ತಲೆಯಲ್ಲಿ ಉಳಿಯಬೇಕಾದರೆ ಇಸಿಜಿ, ಆಂಜಿಯೋಗ್ರಾಮ್ ಎರಡನ್ನೂ ಒಟ್ಟಿಗೆ ನೋಡಬೇಕು. ತುರ್ತು ಚಿಕಿತ್ಸೆಯ ಡಾಕ್ಟರುಗಳು 2012ರಿಂದ 'ಫೋಮೆಡ್' (ಎಲ್ಲರಿಗೂ ಉಚಿತವಾಗಿ ಸಿಗುವ ವೈದ್ಯಕೀಯ ಪಾಠ) ಹೆಸರಿನಲ್ಲಿ, ಈಗ ಎಕ್ಸ್ ಆಗಿರುವ ಟ್ವಿಟರ್‌ನಲ್ಲಿ ಪಾಠ ಹಂಚಿಕೊಳ್ಳುತ್ತಿದ್ದಾರೆ. ಅಲ್ಲಿ ಒಳ್ಳೆಯ ಕೇಸುಗಳು ಕೊನೆಗೆ ಏನಾಯಿತು ಅನ್ನುವುದನ್ನು ಹೇಳದೆ ಮುಗಿಯುವುದಿಲ್ಲ.

ಹಾಗಂತ ತಪ್ಪೆಲ್ಲ ಇಸಿಜಿ ಹಾಕಿದ ಡಾಕ್ಟರದ್ದೇ ಅಲ್ಲ. ಆಂಬುಲೆನ್ಸ್ ಹತ್ತಿಸಿದ ಮೇಲೆ ರೋಗಿ ಯಾವ ಆಸ್ಪತ್ರೆಗೆ ಹೋದರು ಅನ್ನುವುದೇ ನಮಗೆ ಗೊತ್ತಾಗುವುದಿಲ್ಲ. ಡಿಸ್ಚಾರ್ಜ್ ಚೀಟಿ ಅವರ ಬ್ಯಾಗಿನಲ್ಲೇ ಉಳಿಯುತ್ತದೆ, ಬಿಪಿ ಮಾತ್ರೆ ತೀರಿದಾಗ ತಂದು ತೋರಿಸಿದರೆ ನಮ್ಮ ಪುಣ್ಯ.

ಇನ್ನು ಹೆಸರಿನ ವಿಚಾರ. ಇಸಿಜಿ ಕಾಗದದ ಮೇಲ್ಗಡೆಯೇ ರೋಗಿಯ ಹೆಸರು, ವಯಸ್ಸು ಪ್ರಿಂಟಾಗಿರುತ್ತದೆ. ಅದನ್ನು ಬೆರಳಿನಿಂದ ಮುಚ್ಚಿ ಫೋಟೊ ಹೊಡೆಯಲು ಎಷ್ಟು ಹೊತ್ತು ಬೇಕು? ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟಿನಲ್ಲಿ ಡಾಕ್ಟರುಗಳ ಸೋಷಿಯಲ್ ಮೀಡಿಯಾ ಬಳಕೆಗೂ ಸೇರಿಸಿ ನಿಯಮ ತಂದು, ಅದೇ ತಿಂಗಳು ತಡೆಹಿಡಿಯಿತು. ನಿಯಮ ನಿಂತಿತು ಅಂತ ರೋಗಿಯ ಗುಟ್ಟು ಬೀದಿಗೆ ಬರಬೇಕಿಲ್ಲ ಅಲ್ವಾ? ಇದನ್ನೇ ನೆಪ ಮಾಡಿ ಗ್ರೂಪುಗಳನ್ನೇ ಮುಚ್ಚಿ ಅನ್ನುವವರೂ ಇದ್ದಾರೆ. ಅವರು ಒಂದು ರಾತ್ರಿ ನಮ್ಮಲ್ಲಿ ಡ್ಯೂಟಿ ಮಾಡಿ ನೋಡಲಿ. ಒಬ್ಬ ಡಾಕ್ಟರು ಇನ್ನೊಬ್ಬರ ಸಲಹೆ ಕೇಳುವುದನ್ನು 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯೇ ಒಪ್ಪಿದೆ. ಚಿಕಿತ್ಸೆಯ ಹೊಣೆ ಮಾತ್ರ ಕೇಳಿದವರದ್ದೇ.

ಹೃದಯ ಜ್ಯೋತಿ ನಡೆಸುವವರಿಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ರೋಗಿಯನ್ನು ಸೇರಿಸಿಕೊಂಡ ಆಸ್ಪತ್ರೆಯವರು ಕಳಿಸಿದ ಡಾಕ್ಟರಿಗೆ ಒಂದು ಸಾಲು ಬರೆಯಲಿ: ಯಾವ ರಕ್ತನಾಳ, ಸ್ಟೆಂಟ್ ಹಾಕಿದರೋ ಇಲ್ಲವೋ, ಈಗ ಹೇಗಿದ್ದಾರೆ. ಹೆಸರು ಬೇಡ, ಒಂದು ನಂಬರ್ ಸಾಕು. ಆ ಸಾಲನ್ನು ಗ್ರೂಪಿಗೆ ಹಾಕುವ ಕೆಲಸ ನಮ್ಮದು.

ಇಂತಿ,
ಒಬ್ಬ ವೈದ್ಯಾಧಿಕಾರಿ,
ಚಿಕ್ಕಮಗಳೂರು ಜಿಲ್ಲೆ