ಜಾಮೀನು ಸಿಕ್ಕರೂ ಹೊರಗೆ ಬರಲಾಗದವರಿಗಾಗಿ ದೇಣಿಗೆ ಮನವಿ

ಶರಣು ಶರಣಾರ್ಥಿ.

ಕಲಬುರಗಿ ಕೇಂದ್ರ ಕಾರಾಗೃಹದಲ್ಲಿ ಇರುವವರಿಗಾಗಿ ನಮ್ಮ ಟ್ರಸ್ಟ್ ಕೆಲಸ ಮಾಡುತ್ತಿದೆ. ಈ ಕೆಲಸ ನಿಲ್ಲದಿರಲಿ ಎಂದು ನಿಮ್ಮ ಹತ್ತಿರ ದೇಣಿಗೆ ಕೇಳುತ್ತಿದ್ದೇವೆ.

"ಜೈಲಿನವರಿಗೆ ಯಾಕ್ರೀ ಕೊಡಬೇಕು?" ಎಂದು ಹಲವರು ನೇರವಾಗಿ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಅಪರಾಧದಿಂದ ನೊಂದ ಮನೆಗಳ ಸಂಕಟವನ್ನು ನಾವು ಸಣ್ಣದು ಮಾಡುವುದಿಲ್ಲ. ಆದರೆ ಒಳಗಿರುವವರೆಲ್ಲ ಶಿಕ್ಷೆಯಾದವರಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ನಾಲ್ವರಲ್ಲಿ ಮೂವರ ಕೇಸು ಇನ್ನೂ ತೀರ್ಮಾನವೇ ಆಗಿಲ್ಲ.

ಜಾಮೀನು ಸಿಕ್ಕಿಯೂ ಒಳಗೇ ಉಳಿದವರ ಕಷ್ಟ ನಮ್ಮನ್ನು ಜಾಸ್ತಿ ಕಾಡುತ್ತದೆ. ಕೋರ್ಟಿನ ಆದೇಶ ಆಗಿರುತ್ತದೆ. ಶ್ಯೂರಿಟಿ ಹಾಕುವವರು ಸಿಗುವುದಿಲ್ಲ. ಶ್ಯೂರಿಟಿಗೆ ಪಹಣಿ ಕೇಳುತ್ತಾರೆ. ಕೂಲಿ ಮಾಡುವವರ ಮನೆಯಲ್ಲಿ ಪಹಣಿ ಎಲ್ಲಿಂದ ಬರಬೇಕು? ಹೊಲ ಇರುವ ನೆಂಟರು ಕೇಸು ಅಂದ ಕೂಡಲೇ ದೂರ ಸರಿಯುತ್ತಾರೆ. ಚಿಂಚೋಳಿಯಿಂದಲೋ ಅಫಜಲಪುರದಿಂದಲೋ ಹೆಂಡತಿ ಮುಲಾಖತ್‌ಗೆ ಬಂದರೆ ಶಕ್ತಿ ಯೋಜನೆಯಿಂದ ಬಸ್ ಚಾರ್ಜು ಉಳಿಯುತ್ತದೆ, ಆ ದಿನದ ಕೂಲಿ ಉಳಿಯುವುದಿಲ್ಲ. ತೊಗರಿ ರಾಶಿಯ ದಿನಗಳಲ್ಲಿ ಇದು ದೊಡ್ಡ ನಷ್ಟ.

ಕಾನೂನು ಇವರನ್ನು ಕೈಬಿಟ್ಟಿಲ್ಲ. ಬಂಧನದಲ್ಲಿರುವ ಯಾರಿಗೇ ಆಗಲಿ ಉಚಿತ ವಕೀಲರು ಸಿಗಬೇಕು ಎಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. ಜಾಮೀನು ಸಿಕ್ಕ 7 ದಿನದೊಳಗೆ ಬಿಡುಗಡೆ ಆಗದಿದ್ದರೆ ಜೈಲಿನ ಅಧಿಕಾರಿಗಳು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಆದೇಶಿಸಿದೆ. ಬಡ ಕೈದಿಗಳ ಜಾಮೀನಿಗೆ (ಆಗಿನ ಮಿತಿಯಂತೆ) 40,000 ರೂಪಾಯಿವರೆಗೆ, ದಂಡ ಕಟ್ಟಲು 25,000 ರೂಪಾಯಿವರೆಗೆ ಕೊಡುವ ಕೇಂದ್ರ ಸರ್ಕಾರದ ಯೋಜನೆಯೂ ಅದೇ ವರ್ಷ ಬಂತು. ಎಲ್ಲ ಬಗೆಯ ಕೇಸಿಗೂ ಅದು ಸಿಗುವುದಿಲ್ಲ ಅನ್ನುವುದು ನಿಜ. ಸಿಗುವವರಿಗಾದರೂ ಸಿಗಲು ಯಾರಾದರೂ ಅರ್ಜಿ ಬರೆಯಬೇಕು, ಆಧಾರ್ ಹುಡುಕಿಸಬೇಕು, ಊರಿಗೆ ಹೋಗಿ ಮನೆಯವರನ್ನು ಒಪ್ಪಿಸಬೇಕು, ಕೋರ್ಟಿಗೂ ಪ್ರಾಧಿಕಾರದ ಕಚೇರಿಗೂ ಓಡಾಡಬೇಕು, ಅಲ್ವಾ? ನಮ್ಮ ಕಾರ್ಯಕರ್ತರು ಮಾಡುವುದು ಇದನ್ನೇ. ನಿಮ್ಮ ಹಣದ ದೊಡ್ಡ ಪಾಲು ಈ ಓಡಾಟಕ್ಕೆ, ಜೆರಾಕ್ಸಿಗೆ, ಅಫಿಡವಿಟ್ಟಿಗೆ ಹೋಗುತ್ತದೆ. ಫೋಟೊ ತೆಗೆದು ತೋರಿಸುವಂಥ ಖರ್ಚಲ್ಲ ಇದು. ಆದರೂ ಇದೇ ಎಲ್ಲಕ್ಕಿಂತ ಮುಖ್ಯ ಎಂದು ನಾವು ನಂಬಿದ್ದೇವೆ.

ಒಳಗೆ ಓದು ಬರಹದ ತರಗತಿ, ಹೊಲಿಗೆ ತರಬೇತಿ ನಡೆಸುತ್ತೇವೆ. ಹೆಬ್ಬೆಟ್ಟು ಒತ್ತುತ್ತಿದ್ದವರು ತಮ್ಮ ಅರ್ಜಿಗೆ ತಾವೇ ಸಹಿ ಹಾಕಿದಾಗ ಅವರ ಮುಖ ನೋಡಬೇಕು! ನೋಟ್‌ಬುಕ್, ದಾರ, ಬಟ್ಟೆ ಬೇಕು. ಕನ್ನಡದ ಜೊತೆಗೆ ಉರ್ದು, ಮರಾಠಿ, ತೆಲುಗು ಪುಸ್ತಕಗಳೂ ಬೇಕು.

ಬಿಡುಗಡೆಯಾದ ಮೊದಲ ವಾರವೂ ಕಷ್ಟದ್ದೇ. ಕೈಯಲ್ಲಿ ಕಾಸಿರುವುದಿಲ್ಲ, ಊರಲ್ಲಿ ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಹಳೆಯ ಸಹವಾಸ ಮಾತ್ರ ಬಾಗಿಲಲ್ಲೇ ಕಾಯುತ್ತಿರುತ್ತದೆ. ಊರಿನ ಬಸ್ ಚಾರ್ಜು, ಒಂದು ಜೊತೆ ಬಟ್ಟೆ, ವಾರದ ಜೋಳ, ಬೇಳೆ ಕೊಡಲು ಒಬ್ಬರಿಗೆ ಸುಮಾರು 1,500 ರೂಪಾಯಿ ಆಗುತ್ತದೆ. ಅಪ್ಪನೋ ಅಮ್ಮನೋ ಒಳಗಿರುವಾಗ ಶಾಲೆ ಬಿಡುವ ಮಕ್ಕಳೂ ಇದ್ದಾರೆ. ಅವರ ಬ್ಯಾಗು, ಪುಸ್ತಕದ ಖರ್ಚನ್ನು ಯಾರಾದರೂ ಒಬ್ಬರೇ ವಹಿಸಿಕೊಂಡರೆ ತುಂಬಾ ಉಪಕಾರ.

ನೂರು ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ. ಆದಾಯ ತೆರಿಗೆಯಲ್ಲಿ 80ಜಿ ರಿಯಾಯಿತಿ ಬೇಕಾದವರು 2,000 ರೂಪಾಯಿಗಿಂತ ಜಾಸ್ತಿ ಮೊತ್ತವನ್ನು ನಗದಾಗಿ ಕೊಡಬೇಡಿ. ಚೆಕ್ ಅಥವಾ ಯುಪಿಐ ಮೂಲಕ ಕೊಡಿ. ಲೆಕ್ಕದ ಪುಸ್ತಕ ನಮ್ಮ ಕಚೇರಿಯಲ್ಲೇ ಇರುತ್ತದೆ, ಯಾರು ಬೇಕಾದರೂ ಬಂದು ನೋಡಬಹುದು.

ಹಣ ಕೊಡಲಾಗದವರು ಸಮಯ ಕೊಡಿ. ನಿವೃತ್ತ ಶಿಕ್ಷಕರು, ಟೇಲರ್‌ಗಳು, ಕೋರ್ಟಿನ ಕೆಲಸ ಗೊತ್ತಿರುವ ಗುಮಾಸ್ತರು ಬೇಕಾಗಿದ್ದಾರೆ. ಉರ್ದು ಕಲಿಸುವವರು ಒಬ್ಬರು ತುರ್ತಾಗಿ ಬೇಕು.