ಊಟ ಆದ ಮೇಲಿನ ಅರ್ಧ ಗಂಟೆ

ಮಾನ್ಯರೆ,

ದಪ್ಪಗಾಗುವ ಭಯಕ್ಕೆ ಊಟ ಬಿಡುವ ಅನೊರೆಕ್ಸಿಯಾ, ವಿಪರೀತ ತಿಂದು ವಾಂತಿ ಮಾಡುವ ಬುಲಿಮಿಯಾ, ಇವೆಲ್ಲ ಬೆಂಗಳೂರಿನ ದುಡ್ಡಿದ್ದವರ ಮಕ್ಕಳ ಖಯಾಲಿ ಅಂತ ನಮ್ಮ ಕಡೆ ತುಂಬ ಜನ ತಿಳಿದಿದ್ದಾರೆ. ನಾನು ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟದ ಮನೆಯವಳು. ಹೊಟ್ಟೆ ಬಿರಿಯುವಷ್ಟು ತಿಂದು, ಕೊಟ್ಟಿಗೆ ಹಿಂದೆ ಹೋಗಿ ವಾಂತಿ ಮಾಡುತ್ತಿದ್ದೆ. ವರ್ಷಗಟ್ಟಲೆ. ಮನೆಯವರು ಪಿತ್ತ ಅಂದುಕೊಂಡು ಮುರುಗಲು ನೀರು ಕುಡಿಸಿದರು. ಕೊನೆಗೆ ಗುರುತು ಹಿಡಿದವರು ಹಲ್ಲಿನ ಡಾಕ್ಟರು. ಹೊಟ್ಟೆಯ ಆಸಿಡ್ ಮೇಲಿನ ಹಲ್ಲುಗಳ ಒಳಬದಿಯನ್ನು ಸವೆಸಿಬಿಟ್ಟಿತ್ತು. ಆಮೇಲೆ ಮನೋವೈದ್ಯರು, ಮಾತ್ರೆ, ಕೌನ್ಸೆಲಿಂಗ್. ಈಗ ಹುಷಾರಾಗಿದ್ದೇನೆ, ಟೈಲರಿಂಗ್ ಮಾಡುತ್ತೇನೆ.

ಸೊಂಟಕ್ಕೆ ಟೇಪ್ ಸುತ್ತಿದ ಕೂಡಲೇ ಉಸಿರು ಬಿಗಿಹಿಡಿದು, "ಎಷ್ಟು ಅಂತ ಹೇಳ್ಬೇಡಿ ಅಕ್ಕಾ" ಅನ್ನುವ ಹುಡುಗಿಯರು ಬರುತ್ತಾರೆ. ಎಲ್ಲರಿಗೂ ಕಾಯಿಲೆ ಅಂತಲ್ಲ. ಆದರೆ ಕಾಯಿಲೆ ಇದ್ದು, ಡಾಕ್ಟರ ಹತ್ತಿರ ಹೋಗಿ ಬಂದ ಕೆಲವರು ವಾರಕ್ಕೊಮ್ಮೆ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರುತ್ತೇವೆ. ಹೊರಗಿನವರಿಗೆ ಅದು ಹೊಲಿಗೆ ಕ್ಲಾಸು. (ಗುಟ್ಟು ರಟ್ಟಾಯಿತು ಅಂತ ಚಿಂತೆಯಿಲ್ಲ. ಈ ಸೀಮೆಯಲ್ಲಿ ಟೈಲರ್‌ಗಳು ಬೇಕಾದಷ್ಟಿದ್ದೇವೆ.)

ಒಟ್ಟಿಗೆ ಕಡುಬು, ಚಟ್ನಿ, ಕಾಫಿ. ತಿನ್ನೋದು ಹೇಗೋ ಆಗಿಬಿಡುತ್ತದೆ. ತಿಂದ ಮೇಲಿನ ಅರ್ಧ ಗಂಟೆ ಇದೆಯಲ್ಲ, ಅದು ನರಕ. ಬಚ್ಚಲು ಕರೆಯುತ್ತಲೇ ಇರುತ್ತದೆ. ಅದಕ್ಕೇ ತಟ್ಟೆ ತೊಳೆದ ಕೂಡಲೇ ಎಲ್ಲರ ಕೈಗೂ ಒಂದೊಂದು ರವಿಕೆ, ಸೂಜಿ, ಹುಕ್ಸ್. ಹುಕ್ಸ್ ಹಾಕುತ್ತಾ ಧಾರಾವಾಹಿ, ಊರ ಸುದ್ದಿ, ಅತ್ತೆಯ ಮೇಲಿನ ದೂರು. ಯಾರದ್ದಾದರೂ ಸೂಜಿ ನಿಂತರೆ ಪಕ್ಕದವಳಿಗೆ ಗೊತ್ತಾಗುತ್ತದೆ. "ಏನೇ, ಶುರುವಾಯ್ತಾ?" ಅಂತ ಕೇಳುತ್ತಾಳೆ. ಅಷ್ಟು ಸಾಕು. ಹಾಗೆ ಕೇಳಲು ಅದನ್ನು ಅನುಭವಿಸಿದವರೇ ಆಗಬೇಕು.

ಇರುವುದು ಒಂದೇ ನಿಯಮ: ಅಂಕಿ ಬಾಯಲ್ಲಿ ಬರಬಾರದು. ಕೆಜಿ, ಕ್ಯಾಲೊರಿ, ಎಷ್ಟು ಹೊತ್ತು ಉಪವಾಸ ಇದ್ದೆ, ಯಾವುದೂ. ದಿನವಿಡೀ ಇಂಚಿನ ಲೆಕ್ಕದಲ್ಲೇ ಬದುಕುವ ನನಗೆ ನಗು ಬರುತ್ತದೆ. ಆದರೆ ಒಬ್ಬಳು ಅಂಕಿ ಹೇಳಿದರೆ ಇನ್ನೊಬ್ಬಳು ಒಳಗೊಳಗೇ ಪೈಪೋಟಿಗೆ ಇಳಿಯುತ್ತಾಳೆ. ಇಂಥ ಗುಂಪು ಕೆಡುವುದೇ ಅಲ್ಲಿ.

ನಾವು ಡಾಕ್ಟರ ಕೆಲಸ ಮಾಡುವುದಿಲ್ಲ. ವಾಂತಿಯಿಂದ ಪೊಟ್ಯಾಶಿಯಂ ಇಳಿದರೆ ಎದೆಬಡಿತವೇ ತಪ್ಪಬಹುದು. ಬಹಳ ದಿನ ಸರಿಯಾಗಿ ಉಣ್ಣದವರಿಗೆ ಅಮ್ಮಂದಿರು ಪ್ರೀತಿಯಿಂದ ಒಮ್ಮೆಲೇ ಜಾಸ್ತಿ ತಿನ್ನಿಸಿದರೂ ಅಪಾಯ. ರಕ್ತದಲ್ಲಿ ಫಾಸ್ಫೇಟ್ ದಿಢೀರನೆ ಕುಸಿಯಬಹುದು. ತಲೆ ಸುತ್ತಿ ಬೀಳುವವರನ್ನು ಕಡುಬಿಗೆ ಕೂರಿಸುವುದಿಲ್ಲ, ಸೀದಾ ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ರಾತ್ರಿ ಹೊತ್ತು ಮನಸ್ಸು ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಅನ್ನುತ್ತೇವೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಕುಡಿತ ಬಿಡುವವರಿಗೆ ನಮ್ಮಲ್ಲಿ ಮದ್ಯವರ್ಜನ ಶಿಬಿರ ಇದೆ, ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಇದೆ. ಬಿಟ್ಟವರಿಗೆ ಬಿಟ್ಟವರೇ ಜೊತೆ. ಅವರಾದರೂ ಬಾಟಲಿಯ ತಂಟೆಗೆ ಹೋಗದೆ ಇರಬಹುದು. ನಾವು ದಿನಕ್ಕೆ ಮೂರು ಸಲ ತಟ್ಟೆ ಮುಂದೆ ಕೂರಲೇಬೇಕು, ಅಲ್ವಾ? ನಮಗೂ ಅಂಥದ್ದೊಂದು ಬೇಡವೇ?

ಮೊನ್ನೆ ಒಬ್ಬ ತಾಯಿ ಬಂದಿದ್ದರು. ಮಗ ಪಿಯುಸಿ, ಇದೇ ಕಾಯಿಲೆ. "ಅವನನ್ನ ಹೊಲಿಗೆ ಕ್ಲಾಸಿಗೆ ಅಂತ ಹೆಂಗೆ ಕಳಿಸ್ಲಿ?" ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಕಾಯಿಲೆಗಳಿಗೆ ಅಂತ ಮನೋಚೈತನ್ಯ ಕ್ಲಿನಿಕ್ ಇರುತ್ತದೆ. ಅಲ್ಲಿಗೆ ಬರುವ ಇಂಥವರನ್ನು, ಅವರು ಒಪ್ಪಿದರೆ, ಒಬ್ಬರಿಗೊಬ್ಬರು ಪರಿಚಯ ಮಾಡಿಸಿ ಅಂತ ಆರೋಗ್ಯ ಇಲಾಖೆಗೆ ನನ್ನ ಮನವಿ. ಕ್ಲಿನಿಕ್ ಮುಗಿದ ಮೇಲೆ ಒಂದು ಕೋಣೆ ಬಿಟ್ಟುಕೊಡಿ. ಕಾಫಿ, ತಿಂಡಿ ನಾವೇ ತರುತ್ತೇವೆ. ಬಾಗಿಲಿಗೆ ಬೋರ್ಡು ಮಾತ್ರ ಹಾಕಬೇಡಿ.

– ಒಬ್ಬಳು ಟೈಲರ್ (ಹೆಸರು ಬೇಡ), ಶಿವಮೊಗ್ಗ ಜಿಲ್ಲೆ