ಕತ್ತಿವರಸೆಯ ಕಾದಂಬರಿಗೆ ವಾರಕ್ಕೊಂದು ಪುಟ ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕುದುರೆ, ಕತ್ತಿ, ರಾಜಕುಮಾರಿ ಇರುವ ಐತಿಹಾಸಿಕ ಕಾದಂಬರಿಗಳ ಕಾಲ ಮುಗಿಯಿತು, ಅವು ಹದಿಹರೆಯದವರ ಹಗಲುಗನಸು, ಗ್ರಂಥಾಲಯಗಳು ಆ ಕಪಾಟುಗಳನ್ನು ಖಾಲಿ ಮಾಡಬೇಕು ಎಂದು ನಿಮ್ಮ ಭಾನುವಾರದ ಪುರವಣಿಯಲ್ಲಿ ಈಚೆಗೆ ಒಬ್ಬ ಲೇಖಕರು ತೀರ್ಪು ಕೊಟ್ಟಿದ್ದಾರೆ. ಅವರು ವಿದ್ವಾಂಸರು. ನಾನು ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಆದರೂ ಈ ಕಾದಂಬರಿಗಳನ್ನು ಅವರಿಗಿಂತ ಒಂದಿಷ್ಟು ಹೆಚ್ಚೇ ಓದಿದ್ದೇನೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ತ.ರಾ.ಸು. ಅವರ ‘ರಕ್ತರಾತ್ರಿ’ಯನ್ನು ಹಗಲುಗನಸು ಎನ್ನುವವರು ಆ ಪುಸ್ತಕವನ್ನು ತೆರೆದು ನೋಡಿರಲಾರರು. ಕನಸು ಕಾಣಲು ಅದರಲ್ಲಿ ಪುರುಸೊತ್ತೇ ಇಲ್ಲ.

ಸುಗ್ಗಿ ಬಂತೆಂದರೆ ನಮ್ಮ ಗಿರಣಿಗೆ ಭತ್ತದ ಲಾರಿಗಳು ರಾತ್ರಿಯೆಲ್ಲ ಬರುತ್ತಿರುತ್ತವೆ. ಒಂದು ಲಾರಿ ಖಾಲಿಯಾಗಿ ಇನ್ನೊಂದು ಬರುವ ನಡುವೆ ಕಾಯುವುದೇ ಕೆಲಸ. ತೂಕದ ಚೀಟಿಗಳ ಪಕ್ಕದಲ್ಲಿ ಪುಸ್ತಕ ಇಟ್ಟುಕೊಂಡು ನಾನು ಓದುತ್ತಿದ್ದೆ. “ಗುಮಾಸ್ತರೇ, ಒಬ್ಬರೇ ನಗುತ್ತೀರಿ, ಒಬ್ಬರೇ ಹಲ್ಲು ಕಡಿಯುತ್ತೀರಿ. ನಮಗೂ ಕೇಳುವ ಹಾಗೆ ಓದಬಾರದೇ?” ಎಂದು ಹಮಾಲರಲ್ಲಿ ಹಿರಿಯನೊಬ್ಬ ಕೇಳಿದ. ಅಂದಿನಿಂದ ಗಟ್ಟಿಯಾಗಿ ಓದತೊಡಗಿದೆ. ‘ಕಂಬನಿಯ ಕುಯಿಲು’ ಮುಗಿದು ‘ರಕ್ತರಾತ್ರಿ’ ಹಿಡಿಯುವ ಹೊತ್ತಿಗೆ ತೌಡಿನ ಚೀಲಗಳ ಮೇಲೆ ಕೂರಲು ಜಾಗ ಸಾಲದಾಯಿತು. ಲಾರಿ ಚಾಲಕರೂ ಬಂದು ಸೇರಿಕೊಂಡರು. ಚಿತ್ರದುರ್ಗದ ದಳವಾಯಿ ಮುದ್ದಣ್ಣ ಸಂಚಿನ ಮೇಲೆ ಸಂಚು ಹೂಡುತ್ತಿದ್ದಾಗ ಒಬ್ಬ ತಡೆಯಲಾರದೆ, “ಇಂಥವನೊಬ್ಬ ನಮ್ಮ ಮಾರುಕಟ್ಟೆಯಲ್ಲೂ ಇದ್ದಾನೆ. ತೂಕ ಹೊಡೆಯುವಾಗ ನಗುನಗುತ್ತಲೇ ಮಾತಾಡುತ್ತಾನೆ” ಎಂದ. ಯಾರೂ ಹೆಸರು ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಹೊರಗೆ ಲಾರಿಯ ಹಾರನ್ ಎರಡು ಸಲ ಕೇಳಿಸಿದರೂ ಆತ ಚೀಲಕ್ಕೆ ಸಿಕ್ಕಿಸಿದ ಕಬ್ಬಿಣದ ಕೊಕ್ಕೆಯ ಹಿಡಿಯ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದ. ಅಧ್ಯಾಯ ಮುಗಿದ ಮೇಲೆಯೇ ಎದ್ದದ್ದು. ಮೊಮ್ಮಕ್ಕಳನ್ನು ಕಂಡಿರುವ, ಹೆಗಲ ಚರ್ಮ ಕಾಯಿಗಟ್ಟಿರುವ ಇವರನ್ನು ಯಾವ ಲೆಕ್ಕದಲ್ಲಿ ಹದಿಹರೆಯದವರು ಎನ್ನಬೇಕೋ ಲೇಖಕರೇ ಹೇಳಲಿ.

ಬರೀ ಕತ್ತಿ ಝಳಪಿಸಿದರೆ ಯಾರೂ ಹೀಗೆ ಕೂರುವುದಿಲ್ಲ. ಅದನ್ನು ಸಿನಿಮಾದವರು ಇನ್ನೂ ಚೆನ್ನಾಗಿ ಝಳಪಿಸುತ್ತಾರೆ. ಈ ಬಗೆಯ ಒಳ್ಳೆಯ ಕಾದಂಬರಿಗಳಲ್ಲೆಲ್ಲ ನನಗೆ ಕಂಡ ಸಂಗತಿಯೆಂದರೆ, ಅಲ್ಲಿ ಯಾರೋ ಒಬ್ಬರು ಮಾತು ಕೊಟ್ಟಿರುತ್ತಾರೆ, ಇಲ್ಲವೇ ಮಾಡಲೇಬೇಕಾದ ಒಂದು ಕೆಲಸವನ್ನು ಹಿಂದುಮುಂದು ನೋಡದೆ ಮಾಡಿರುತ್ತಾರೆ. ಆಮೇಲಿನ ಪುಟಗಳೆಲ್ಲ ಅದರ ಸಾಲ ತೀರಿಸುವುದರಲ್ಲೇ ಕಳೆಯುತ್ತವೆ. ರಾಫೆಲ್ ಸಬಾಟಿನಿ 1922ರಲ್ಲಿ ಬರೆದ ‘ಕ್ಯಾಪ್ಟನ್ ಬ್ಲಡ್’ ನೋಡಿ. ಅದರ ನಾಯಕ ಒಬ್ಬ ವೈದ್ಯ. 1685ರಲ್ಲಿ ಇಂಗ್ಲೆಂಡಿನ ದೊರೆಯ ವಿರುದ್ಧ ದಂಗೆ ಏಳುತ್ತದೆ. ವೈದ್ಯನಿಗೆ ಅದರ ಗೊಡವೆಯೇ ಬೇಡ. ಗಾಯಗೊಂಡ ದಂಗೆಕೋರನೊಬ್ಬನಿಗೆ ಔಷಧ ಕೊಡಲು ಹೋದದ್ದೇ ಅಪರಾಧವಾಗಿ, ಮರಣದಂಡನೆಯ ತೀರ್ಪು ಬಿದ್ದು, ಕೊನೆಗೆ ಗುಲಾಮನಾಗಿ ಬಾರ್ಬಡೋಸ್ ದ್ವೀಪದಲ್ಲಿ ಮಾರಾಟವಾಗುತ್ತಾನೆ. ಅಲ್ಲಿಂದ ತಪ್ಪಿಸಿಕೊಂಡು ಕಡಲುಗಳ್ಳರ ನಾಯಕನಾಗುತ್ತಾನೆ. ಸಬಾಟಿನಿ ಇಟಲಿಯಲ್ಲಿ ಹುಟ್ಟಿದವನು, ತಾಯಿ ಇಂಗ್ಲಿಷಿನವಳು. ಹಲವು ಭಾಷೆ ಬಲ್ಲವನಾದರೂ ಬರೆದದ್ದು ಇಂಗ್ಲಿಷಿನಲ್ಲಿ. ಅವನಲ್ಲಿ ನನಗೆ ಹಿಡಿಸದ ಒಂದು ಗುಣವೆಂದರೆ, ನಾಯಕ ಮಾತಿನಲ್ಲಿ ಒಮ್ಮೆಯೂ ಸೋಲುವುದಿಲ್ಲ. ನೂರು ಪುಟ ದಾಟಿದ ಮೇಲೆ, ಯಾರಾದರೂ ಈತನ ಬಾಯಿ ಮುಚ್ಚಿಸಬಾರದೇ ಅನ್ನಿಸುತ್ತದೆ.

ಫ್ರಾನ್ಸಿನ ಕಾದಂಬರಿಕಾರ ಅಲೆಕ್ಸಾಂಡರ್ ಡ್ಯೂಮಾನಲ್ಲಿ ಆ ತೊಂದರೆ ಇಲ್ಲ. ‘ತ್ರೀ ಮಸ್ಕೆಟಿಯರ್ಸ್’ನ ದಾರ್ತಾನ್ಯಾನ್ ಹಳ್ಳಿಗಾಡಿನ ಹುಡುಗ. ಹಳದಿ ಬಣ್ಣದ ಬಡಕಲು ಕುದುರೆ ಏರಿ ಪ್ಯಾರಿಸ್ಸಿನ ದಾರಿ ಹಿಡಿಯುತ್ತಾನೆ. ದಾರಿಯಲ್ಲಿ ಕಂಡವರೆಲ್ಲ ಕುದುರೆಯನ್ನು ನೋಡಿ ನಗುತ್ತಾರೆ, ಅವನು ಕಂಡವರ ಮೇಲೆಲ್ಲ ಜಗಳಕ್ಕೆ ಬೀಳುತ್ತಾನೆ. ನಗರದಲ್ಲಿ ಒಂದೇ ಬೆಳಗ್ಗೆ ಮೂವರು ಕಟ್ಟಾಳುಗಳ ಜೊತೆ ಹನ್ನೆರಡಕ್ಕೆ, ಒಂದಕ್ಕೆ, ಎರಡಕ್ಕೆ ಎಂದು ಸರದಿಯಂತೆ ದ್ವಂದ್ವಯುದ್ಧ ಗೊತ್ತುಮಾಡಿಕೊಳ್ಳುತ್ತಾನೆ. ಕಾರಟಗಿಯಿಂದಲೋ ಸಿಂಧನೂರಿನಿಂದಲೋ ಒಂದು ಬ್ಯಾಗು ಹಿಡಿದು ಬೆಂಗಳೂರಿನ ಬಸ್ ನಿಲ್ದಾಣದಲ್ಲಿ ಇಳಿದ ಯಾವ ಹುಡುಗನಿಗೂ ಈ ರೋಷ, ಈ ಅವಮಾನ ಬಿಡಿಸಿ ಹೇಳಬೇಕಾಗಿಲ್ಲ. ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಪಾಠ ಮಾಡುತ್ತಿದ್ದವರು ಇದರ ಸಂಕ್ಷಿಪ್ತ ಪ್ರತಿ ಕೊಟ್ಟಿದ್ದರು. ಪೂರ್ತಿ ಪುಸ್ತಕ ಆಮೇಲೆ ಬಳ್ಳಾರಿಯಲ್ಲಿ ಹಳೆಯ ಪುಸ್ತಕಗಳ ರಾಶಿಯಲ್ಲಿ ಸಿಕ್ಕಿತು. ಹಮಾಲರಿಗೆ ಅದನ್ನು ಕನ್ನಡದಲ್ಲಿ ಬಾಯಿಯಿಂದಲೇ ಹೇಳಿದ್ದೇನೆ. ದಾರ್ತಾನ್ಯಾನ್ ಎಂಬ ಸೈನಿಕ ನಿಜವಾಗಿಯೂ ಇದ್ದ, 1673ರಲ್ಲಿ ಮಾಸ್ಟ್ರಿಕ್ಟ್ ಕೋಟೆಯ ಮುತ್ತಿಗೆಯಲ್ಲಿ ಸತ್ತ ಎಂದಾಗ ಅವರಿಗೆ ತುಂಬ ಬೇಸರವಾಯಿತು.

ಸಂಪಾದಕರೇ, ನಿಮಗೆ ಸಂಬಂಧಿಸಿದ ವಿಷಯ ಇಲ್ಲಿದೆ. ಆ ಕಾದಂಬರಿ ಹುಟ್ಟಿದ್ದೇ ಪತ್ರಿಕೆಯಲ್ಲಿ. 1844ರಲ್ಲಿ ಪ್ಯಾರಿಸ್ಸಿನ ದಿನಪತ್ರಿಕೆಯೊಂದರಲ್ಲಿ ಕಂತುಕಂತಾಗಿ ಬಂತು. ಓಗುಸ್ತ್ ಮಾಕೆ ಎಂಬ ಜೊತೆಗಾರ ಚರಿತ್ರೆ ಕೆದಕಿ ಹಂದರ ಹಾಕುತ್ತಿದ್ದ, ಡ್ಯೂಮಾ ಅದಕ್ಕೆ ಜೀವ ತುಂಬುತ್ತಿದ್ದ. ಪ್ರತಿ ಅಧ್ಯಾಯದ ಕೊನೆಯಲ್ಲಿ ಒಂದು ಬಾಗಿಲು ಬಡಿಯುವುದು, ಒಂದು ಪತ್ರ ಕಳೆದುಹೋಗುವುದು, ಮುಸುಕು ಹಾಕಿದವರು ಮೆಟ್ಟಿಲು ಏರಿ ಬರುವುದು, ಇವೆಲ್ಲ ನಾಳೆಯೂ ಪತ್ರಿಕೆ ಕೊಳ್ಳಲಿ ಎಂಬ ವ್ಯಾಪಾರದಿಂದ ಹುಟ್ಟಿದವು. ಕನ್ನಡದ ವಾರಪತ್ರಿಕೆಗಳ ಧಾರಾವಾಹಿಗಾಗಿ ಮನೆಮನೆಯಲ್ಲಿ ಜಗಳ ನಡೆಯುತ್ತಿದ್ದ ಕಾಲವನ್ನು ನಿಮ್ಮ ಹಿರಿಯ ಓದುಗರು ಮರೆತಿರಲಾರರು. ಪತ್ರಿಕೆಯೇ ಹೆತ್ತ ಕೂಸನ್ನು ಈಗ ಪತ್ರಿಕೆಯಲ್ಲೇ ಕಸದ ಬುಟ್ಟಿಗೆ ಹಾಕಿ ಎನ್ನುವುದು ಯಾವ ನ್ಯಾಯ?

ನಮ್ಮವರಲ್ಲಿ ಈ ದಾರಿಯನ್ನು ಮೊದಲು ಹಸನು ಮಾಡಿದವರು ಗಳಗನಾಥರು. ತಾವೇ ಬರೆದ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ‘ಮಾಧವ ಕರುಣಾವಿಲಾಸ’ದಲ್ಲಿ ವಿಜಯನಗರ ಹುಟ್ಟುತ್ತದೆ, ‘ಕನ್ನಡಿಗರ ಕರ್ಮಕಥೆ’ಯಲ್ಲಿ ಮುಳುಗುತ್ತದೆ. ಅವರ ಉದ್ದುದ್ದ ವಾಕ್ಯಗಳನ್ನು ಇಂದು ಗಟ್ಟಿಯಾಗಿ ಓದಲು ಉಸಿರು ಸಾಲದು, ಅದು ನಿಜ. ದೇವುಡು ಅವರ ‘ಮಯೂರ’ ಓದುವಾಗ ಬೇರೆಯೇ ಪೇಚು. ಹಮಾಲರೆಲ್ಲ 1975ರ ರಾಜ್‌ಕುಮಾರ್ ಚಿತ್ರವನ್ನು ಬಾಯಿಪಾಠ ಮಾಡಿಕೊಂಡವರು, “ಸಿನಿಮಾದಲ್ಲಿ ಹೀಗಿಲ್ಲ” ಎಂದು ದೇವುಡು ಅವರನ್ನೇ ತಿದ್ದುತ್ತಿದ್ದರು. ‘ದುರ್ಗಾಸ್ತಮಾನ’ಕ್ಕೆ ಮಾತ್ರ ಯಾರೂ ತಕರಾರು ತೆಗೆಯಲಿಲ್ಲ. ತ.ರಾ.ಸು. 1984ರಲ್ಲಿ ತೀರಿಕೊಂಡರು, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ. ಸೋಲುತ್ತಾನೆ ಎಂದು ಮೊದಲೇ ಗೊತ್ತಿರುವ ಮದಕರಿ ನಾಯಕನ ಕಥೆಯನ್ನು, ಈ ಸಲವಾದರೂ ಗೆದ್ದಾನು ಎಂಬ ಆಸೆಯಿಂದ ಓದಿಸಿಕೊಂಡು ಹೋಗುವ ಕಸುಬು ಅವರದು.

ಲೇಖಕರ ಒಂದು ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಇಂಥ ಕಾದಂಬರಿಗಳಲ್ಲಿ ಒಂದು ಧರ್ಮದವರೆಲ್ಲ ಶೂರರು, ಇನ್ನೊಂದು ಧರ್ಮದವರೆಲ್ಲ ದುಷ್ಟರು ಎಂಬ ಸುಲಭದ ಹಂಚಿಕೆ ಇರುತ್ತದೆ ಎನ್ನುತ್ತಾರೆ. ಹಾಗೆ ಬರೆದವರು ಇದ್ದಾರೆ, ಅಂಥ ಪುಸ್ತಕಗಳನ್ನು ನಾನೂ ಅರ್ಧಕ್ಕೆ ಮುಚ್ಚಿಟ್ಟಿದ್ದೇನೆ. ಆದರೆ ನಮ್ಮ ನೆಲದ ಚರಿತ್ರೆ ಆ ಹಂಚಿಕೆಗೆ ಒಗ್ಗುವುದೇ ಇಲ್ಲ. ನಮ್ಮ ಹಮಾಲರಲ್ಲಿ ಒಬ್ಬರು ಜಬ್ಬಲಗುಡ್ಡದ ಕಡೆಯವರು. ಕುಮ್ಮಟದುರ್ಗದ ಬೆಟ್ಟ ಅವರಿಗೆ ಕುರಿ ಮೇಯಿಸಿ ಗೊತ್ತು. ಮಲತಾಯಿ ರತ್ನಾಜಿಯ ಅರಮನೆಗೆ ಚೆಂಡು ಬಿದ್ದದ್ದು, ಅವಳ ಮೋಹವನ್ನು ಆ ದುರ್ಗದ ರಾಜಕುಮಾರ ಕುಮಾರರಾಮ ಒಲ್ಲೆನೆಂದದ್ದು, ತಂದೆ ಸಿಟ್ಟಿನಲ್ಲಿ ಮಗನ ತಲೆ ತೆಗೆಸಲು ಹೇಳಿದಾಗ ಮಂತ್ರಿ ಬೈಚಪ್ಪ ಅವನನ್ನು ನೆಲಮನೆಯಲ್ಲಿ ಅಡಗಿಸಿಟ್ಟದ್ದು, ಇದನ್ನೆಲ್ಲ ಅವರು ಪುಸ್ತಕ ಇಲ್ಲದೆ ಒಂದು ರಾತ್ರಿ ಹೇಳಿದರು. ನಂಜುಂಡ ಕವಿ ಇದೇ ಕಥೆಯನ್ನು ಹದಿನಾರನೆಯ ಶತಮಾನದಲ್ಲಿ ಸಾಂಗತ್ಯದಲ್ಲಿ ಹಾಡಿದ್ದಾನೆ.

ನನಗೆ ಇದಕ್ಕಿಂತ ಹೆಚ್ಚು ನಿದ್ದೆ ಕೆಡಿಸಿದ್ದು ಕುಮಾರರಾಮನ ತಂದೆ, ಕುಮ್ಮಟದ ದೊರೆ ಕಂಪಿಲರಾಯನ ಕಥೆ. ದೆಹಲಿಯ ಮಹಮ್ಮದ್ ಬಿನ್ ತುಘಲಕನ ವಿರುದ್ಧ ಅವನ ಹತ್ತಿರದ ಸಂಬಂಧಿಯೇ ಆದ ಬಹಾವುದ್ದೀನ್ ಗುರ್ಶಾಸ್ಪ್ ದಂಗೆ ಎದ್ದ. ಸೋತು ಓಡಿ ಬಂದು ಕಂಪಿಲನ ಮೊರೆ ಹೊಕ್ಕ. ಕಂಪಿಲ ಒಪ್ಪಿಸಿಬಿಟ್ಟಿದ್ದರೆ ರಾಜ್ಯ ಉಳಿಯುತ್ತಿತ್ತೇನೋ. ಒಪ್ಪಿಸಲಿಲ್ಲ. ಮುತ್ತಿಗೆ ಬಿಗಿಯಾಗಿ ಕೋಟೆಯಲ್ಲಿ ದವಸ ತೀರಿದಾಗ ನಂಬಿ ಬಂದವನನ್ನು ಮೊದಲು ಹೊಯ್ಸಳ ಬಲ್ಲಾಳನ ಕಡೆಗೆ ಕಳುಹಿಸಿಕೊಟ್ಟ. ಹೆಂಗಸರು ಬೆಂಕಿ ಹೊಕ್ಕರು, ತಾನು ಬಾಗಿಲು ತೆರೆದು ಹೋರಾಡಿ ಸತ್ತ. ಇದು 1327ರ ಸುಮಾರಿನ ಮಾತು. ಬಲ್ಲಾಳ ಅತಿಥಿಯನ್ನು ಹಿಡಿದು ಸುಲ್ತಾನನಿಗೆ ಒಪ್ಪಿಸಿದ. ಇದನ್ನು ಬರೆದಿಟ್ಟವನು ಮೊರಾಕೊ ದೇಶದ ಯಾತ್ರಿಕ ಇಬ್ನ್ ಬತೂತ. ಕಂಪಿಲನ ಮಕ್ಕಳಲ್ಲಿ ಕೆಲವರು ಮತಾಂತರಗೊಂಡು ದೆಹಲಿ ದರ್ಬಾರಿನಲ್ಲಿದ್ದುದನ್ನು ಅವನು ಕಣ್ಣಾರೆ ಕಂಡಿದ್ದಾನೆ, ಒಬ್ಬನ ಸ್ನೇಹವನ್ನೂ ಮಾಡಿದ್ದಾನೆ. ಮಾತಿಗಾಗಿ ಸತ್ತ ತಂದೆ, ಆ ಮಾತು ಮುರಿದವನ ಕೈಯಲ್ಲಿ ಉಳಿದ ರಾಜ್ಯ, ಕೊಂದವನ ಆಸ್ಥಾನದಲ್ಲೇ ಬೆಳೆದ ಮಕ್ಕಳು. ಇದರಲ್ಲಿ ಯಾರನ್ನು ಯಾವ ಧರ್ಮದ ಕಪಾಟಿನಲ್ಲಿ ಇಡುತ್ತೀರಿ?

ಇದೊಂದೇ ಅಲ್ಲ. ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಸ್ತಾನ ಚರಿತ್ರೆಯಲ್ಲಿ 1398ರ ಒಂದು ಪ್ರಸಂಗವಿದೆ. ಕೃಷ್ಣೆ ತುಂಬಿ ಹರಿಯುತ್ತಿದ್ದಾಳೆ, ಈಚೆ ದಡದಲ್ಲಿ ವಿಜಯನಗರದ ಸೇನೆ, ಆಚೆ ದಡದಲ್ಲಿ ಬಹಮನಿ ಫಿರೋಜ್ ಷಾ. ಫಿರೋಜನ ಕಡೆಯ ಕಾಜಿ ಸಿರಾಜ್ ಎಂಬವನು ಕೆಲವೇ ಸಂಗಡಿಗರೊಡನೆ ಫಕೀರನ ವೇಷದಲ್ಲಿ ನದಿ ದಾಟಿ, ಪಾಳೆಯದ ನರ್ತಕಿಯೊಬ್ಬಳ ಮೋಹಕ್ಕೆ ಬಿದ್ದವನಂತೆ ನಟಿಸಿ, ರಾಜಕುಮಾರನ ಡೇರೆಗೆ ಆಟದವನಾಗಿ ಹೊಗುತ್ತಾನೆ. ಕಠಾರಿ ಹಿಡಿದು ಕುಣಿಯುತ್ತ ಕುಣಿಯುತ್ತ ಅದೇ ಕಠಾರಿಯಿಂದ ಇರಿಯುತ್ತಾನೆ. ಆ ಗೊಂದಲದಲ್ಲಿ ಫಿರೋಜನ ಪಡೆ ಚರ್ಮ ಹೊದಿಸಿದ ಹರಿಗೋಲುಗಳಲ್ಲಿ ದಾಟಿ ಬರುತ್ತದೆ. ಇನ್ನು ಆಗ ಬಹಮನಿಗಳ ಕೈಯಲ್ಲಿದ್ದ ಮುದಗಲ್ಲಿನ ಅಕ್ಕಸಾಲಿಗನ ಮಗಳು ಪರ್ತಾಲ್. ಅವಳ ರೂಪದ ಸುದ್ದಿ ಕೇಳಿ ವಿಜಯನಗರದ ಒಂದನೆಯ ದೇವರಾಯ ಆಭರಣ ಕಳುಹಿಸುತ್ತಾನೆ. ತಂದೆತಾಯಿ ಹಿಗ್ಗುತ್ತಾರೆ, ಹುಡುಗಿ ಒಲ್ಲೆ ಎನ್ನುತ್ತಾಳೆ. ರಾಯನ ಕುದುರೆ ಸವಾರರು ಮುದಗಲ್ಲಿಗೆ ಬರುವಷ್ಟರಲ್ಲಿ ಆ ಮನೆಯವರು ಊರು ಬಿಟ್ಟಿರುತ್ತಾರೆ. ಅದರಿಂದ 1406ರ ಯುದ್ಧವೇ ಹತ್ತಿಕೊಳ್ಳುತ್ತದೆ, ಕೊನೆಗೆ ಅವಳ ಮದುವೆ ಫಿರೋಜನ ಮಗ ಹಸನ್ ಖಾನನೊಂದಿಗೆ ಆಗುತ್ತದೆ. ಫಿರಿಸ್ತಾ ಇದನ್ನೆಲ್ಲ ಬರೆದದ್ದು ಇನ್ನೂರು ವರ್ಷ ಕಳೆದ ಮೇಲೆ, ಬಣ್ಣ ಹಚ್ಚಿರಬಹುದು. ಕಾದಂಬರಿಕಾರನಿಗೆ ಅದು ನಷ್ಟವೇನಲ್ಲ. ರಾಯನ ಆಭರಣಕ್ಕೆ ಒಲ್ಲೆ ಎಂದ ಆ ಹುಡುಗಿಯ ಮನಸ್ಸಿನಲ್ಲಿ ಏನಿತ್ತು ಎಂದು ಯಾರೂ ಕೇಳಿಲ್ಲ. ರಾಣಿಯರ ಅಂತಃಪುರದಿಂದ ಹೊರಗೆ ಬಂದು, ಕುಲುಮೆಯ ಮುಂದೆ ಕೂತ ಮನೆಯ ಹೆಣ್ಣುಮಗಳ ಕಡೆಯಿಂದ ಬರೆದರೆ ಈ ಜಾತಿಯ ಕಾದಂಬರಿಯ ಹಳೆಯ ಊನವೂ ತೀರೀತು.

ನಮ್ಮ ಭಾಗದಲ್ಲಿ ಚರಿತ್ರೆಯನ್ನು ಕಾದಂಬರಿಯಾಗಿಸಿದವರು ಇಲ್ಲವೆಂದಲ್ಲ. ಕುಂ. ವೀರಭದ್ರಪ್ಪನವರ ‘ಅರಮನೆ’ಯಲ್ಲಿ ಬ್ರಿಟಿಷ್ ಅಧಿಕಾರಿ ಥಾಮಸ್ ಮನ್ರೋನ ಕಾಲವೇ ಮೈದುಂಬಿದೆ, ಆದರೆ ಅದು ಬೇರೆಯೇ ದಾರಿಯ ದೊಡ್ಡ ಕೃತಿ. ಓಟದ ಕಥೆ ಬೇಕೆಂದರೆ ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿಯ ಹತ್ತಿರ ಹೋಗಬೇಕು. ಸುರಪುರದಲ್ಲಿ ವರ್ಷಗಟ್ಟಲೆ ಇದ್ದ ಆತ ಬಿಜಾಪುರದ ರಾಣಿ ಚಾಂದ್ ಬೀಬಿಯ ಮೇಲೆ ಬರೆದ ಕಾದಂಬರಿ 1878ರಲ್ಲಿ ಅಚ್ಚಾಯಿತು. ಕೃಷ್ಣೆ, ಜಲದುರ್ಗ, ಮುದಗಲ್ಲು ಎಲ್ಲ ಅದರಲ್ಲಿವೆ. ಆಳುವವರ ಕಣ್ಣು ಅವನದು, ಅಲ್ಲಲ್ಲಿ ಕಿರಿಕಿರಿಯಾಗುತ್ತದೆ. ಆದರೂ ನಮ್ಮ ಹೊಳೆಯನ್ನು ಅವನು ನೋಡಿದಷ್ಟು ಹತ್ತಿರದಿಂದ ನಮ್ಮವರು ನೋಡಿ ಬರೆಯಲಿಲ್ಲವಲ್ಲ ಎಂಬ ಹೊಟ್ಟೆಕಿಚ್ಚು ನನಗಿದೆ.

ಆದ್ದರಿಂದ ನನ್ನ ಬೇಡಿಕೆ: ಪುರವಣಿಯಲ್ಲಿ ವಾರಕ್ಕೆ ಒಂದು ಪುಟ ಐತಿಹಾಸಿಕ ಧಾರಾವಾಹಿಗೆ ಕೊಡಿ. ಬಳ್ಳಾರಿ, ರಾಯಚೂರು, ಕೊಪ್ಪಳದ ಯುವ ಬರಹಗಾರರಿಂದ ಬರೆಸಿ, ಗೌರವಧನ ಕೊಟ್ಟು ಬರೆಸಿ. ಕಾಗದದ ಬೆಲೆ ಏರಿದೆ, ಜಾಗವಿಲ್ಲ ಎನ್ನುತ್ತೀರಿ. ವಾರಭವಿಷ್ಯಕ್ಕೆ ಈಗಿರುವ ಜಾಗ ಸಾಕು. ಮುಂದೇನಾಗುತ್ತದೆ ಎಂಬ ಕುತೂಹಲವನ್ನು ಅದಕ್ಕಿಂತ ಪ್ರಾಮಾಣಿಕವಾಗಿ ಒಬ್ಬ ಕಾದಂಬರಿಕಾರ ತಣಿಸುತ್ತಾನೆ. ಬರೆಯುವವರಿಗೆ ಹಮಾಲರ ಪರವಾಗಿ ಒಂದೇ ಷರತ್ತು. ಕಂಪಿಲರಾಯನ ಕಥೆ ಆರಿಸಿಕೊಂಡರೆ, ಮೊದಲ ಕಂತಿನಲ್ಲೇ ಗುರ್ಶಾಸ್ಪನನ್ನು ಕೃಷ್ಣೆ ದಾಟಿಸಿಬಿಡಬೇಕು. ನಾಲ್ಕು ವಾರ ಸೂರ್ಯೋದಯ ವರ್ಣಿಸುತ್ತ ಅವನನ್ನು ದಡದಲ್ಲೇ ನಿಲ್ಲಿಸಬಾರದು.

ಇತಿ ತಮ್ಮ ಓದುಗ,
ಅಕ್ಕಿ ಗಿರಣಿಯ ಗುಮಾಸ್ತ,
ಗಂಗಾವತಿ, ಕೊಪ್ಪಳ ಜಿಲ್ಲೆ